'ಫಾರ್ಮರ್ಸ್ ಹಿಯರ್', 'ಬಾಯ್ಸ್ ಔಟ್‌ಸೈಡ್': ಬಹುವಚನ ನಾಮಪದದ ನಂತರ ಬರುವ ಕ್ರಿಯಾವಿಶೇಷಣ ಯಾವ ಪದಕ್ಕೆ ಸೇರಿದ್ದು?

ಮಧುಗಿರಿ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಬೋಧಿಸುತ್ತೇನೆ. ಎಂಟನೆಯ ತರಗತಿಯ ಮಕ್ಕಳಿಗೆ ತಮ್ಮ ಸೀಮೆಯ ಬೆಳೆಗಳನ್ನು ಕುರಿತು ಕೆಲವು ವಾಕ್ಯಗಳನ್ನು ಬರೆಯಲು ಹೇಳಿದ್ದೆ. 'ಇಲ್ಲಿನ ರೈತರು ಕಡಲೆಕಾಯಿ ಬೆಳೆಯುತ್ತಾರೆ' ಎಂಬುದನ್ನು ಹೆಚ್ಚಿನ ಮಕ್ಕಳು 'ಹಿಯರ್ ಫಾರ್ಮರ್ಸ್ ಗ್ರೋ ಗ್ರೌಂಡ್‌ನಟ್' ಎಂದು ಬರೆದರೆ, ಕೆಲವರು 'ದ ಹಿಯರ್ ಫಾರ್ಮರ್ಸ್' ಎಂದೇ ಬರೆದಿದ್ದರು. ಎರಡನ್ನೂ ಹೊಡೆದು ಹಾಕಿ 'ದ ಫಾರ್ಮರ್ಸ್ ಹಿಯರ್ ಗ್ರೋ ಗ್ರೌಂಡ್‌ನಟ್' ಎಂದು ತಿದ್ದಿದಾಗ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, ಆಡ್‌ವರ್ಬ್ (ಕ್ರಿಯಾವಿಶೇಷಣ) ಎಂಬುದು ಕ್ರಿಯಾಪದವನ್ನು, ವಿಶೇಷಣವನ್ನು ಅಥವಾ ಇನ್ನೊಂದು ಆಡ್‌ವರ್ಬನ್ನು ಮಾತ್ರ ವಿವರಿಸುತ್ತದೆ ಎಂದು ಬರೆಸಿದ್ದೀರಲ್ಲ, ಇಲ್ಲಿ 'ಹಿಯರ್' ರೈತರನ್ನು ತಾನೇ ವಿವರಿಸುತ್ತಿದೆ ಎಂದು ಕೇಳಿದಳು.

ಪ್ರಶ್ನೆ ನ್ಯಾಯವಾದದ್ದೇ. 'ದ ಪೀಪಲ್ ಅಪ್‌ಸ್ಟೇರ್ಸ್', 'ದ ಬಾಯ್ಸ್ ಔಟ್‌ಸೈಡ್', 'ದ ಮೀಟಿಂಗ್ಸ್ ಯೆಸ್ಟರ್‌ಡೇ', 'ದ ಇಯರ್ಸ್ ಅಹೆಡ್' ಮುಂತಾದ ಪ್ರಯೋಗಗಳನ್ನು ಪತ್ರಿಕೆಗಳಲ್ಲಿ ದಿನವೂ ಕಾಣುತ್ತೇವೆ. ನಾಮಪದದ ನಂತರ ಹೀಗೆ ನಿಲ್ಲುವ ಪದವನ್ನು ಯಾವ ವರ್ಗಕ್ಕೆ ಸೇರಿಸಬೇಕು, ಮತ್ತು ಮಕ್ಕಳಿಗೆ ಅದನ್ನು ಹೇಗೆ ವಿವರಿಸಬೇಕು ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಚಿಂತಾಮಣಿ ಸ್ಪರ್ಧಾರ್ಥಿ

ಮೇಡಂ, ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿಯಲ್ಲಿ ನಮಗೆ ಹೇಳಿಕೊಟ್ಟ ವಿವರಣೆ ಬಹಳ ಸರಳವಾಗಿದೆ. ಮೂಲದಲ್ಲಿ ಅದು 'ದ ಫಾರ್ಮರ್ಸ್ ಹೂ ಆರ್ ಹಿಯರ್' ಎಂದಿದ್ದು, ನಡುವಿನ 'ಹೂ ಆರ್' ಲೋಪವಾಗಿದೆ. ಆದ್ದರಿಂದ 'ಹಿಯರ್' ಸೇರುವುದು ಲೋಪವಾದ 'ಆರ್' ಎಂಬ ಕ್ರಿಯಾಪದಕ್ಕೆ. ಹೀಗೆಂದರೆ ಪಠ್ಯಪುಸ್ತಕದ ವ್ಯಾಖ್ಯೆಗೂ ಭಂಗ ಬರುವುದಿಲ್ಲ.

ಕೋಲಾರ ಅನುವಾದಕ

ಲೋಪದ ಈ ವಿವರಣೆ ಅರ್ಧ ದಾರಿಯವರೆಗೆ ಮಾತ್ರ ಬರುತ್ತದೆ. 'ದ ಬಸಸ್ ಬ್ಯಾಕ್ ವರ್ ಫುಲ್' ಎಂದರೆ ಹಿಂದಿರುಗುವ ದಾರಿಯ ಬಸ್ಸುಗಳು ತುಂಬಿದ್ದವು ಎಂದರ್ಥ. ಅಲ್ಲಿ 'ವಿಚ್ ವರ್' ಎಂದು ಸೇರಿಸಿ ನೋಡಿ. ಬಸ್ಸುಗಳು ಆಗಲೇ ನಿಲ್ದಾಣಕ್ಕೆ ಮರಳಿದ್ದವು ಎಂಬ ಬೇರೆಯೇ ಅರ್ಥ ಬಂದುಬಿಡುತ್ತದೆ. ಲೋಪವಾದದ್ದನ್ನು ಮರಳಿ ಇಟ್ಟಾಗ ಅರ್ಥವೇ ಬದಲಾಗುವುದಾದರೆ ಅಲ್ಲಿ ಲೋಪವಾದದ್ದು ಅದಲ್ಲ ಎಂದೇ ತಿಳಿಯಬೇಕು.

ಮಕ್ಕಳು ಯಾಕೆ ಹಾಗೆ ಬರೆದರು ಎಂಬುದರಿಂದ ಆರಂಭಿಸುವುದು ಹೆಚ್ಚು ಉಪಯುಕ್ತವೆಂದು ನನಗೆ ತೋರುತ್ತದೆ. ಕನ್ನಡದಲ್ಲಿ 'ಇಲ್ಲಿ ರೈತರು ಕಡಲೆಕಾಯಿ ಬೆಳೆಯುತ್ತಾರೆ' ಮತ್ತು 'ಇಲ್ಲಿನ ರೈತರು ಕಡಲೆಕಾಯಿ ಬೆಳೆಯುತ್ತಾರೆ' ಎಂಬ ಎರಡು ವಾಕ್ಯಗಳಿವೆ. ಮೊದಲನೆಯದರಲ್ಲಿ 'ಇಲ್ಲಿ' ಬೆಳೆಯುವ ಕ್ರಿಯೆ ಎಲ್ಲಿ ನಡೆಯುತ್ತದೆ ಎಂಬುದನ್ನು ಹೇಳಿದರೆ, ಎರಡನೆಯದರಲ್ಲಿ 'ಇಲ್ಲಿನ' ಎಂಬುದು ಯಾವ ರೈತರು ಎಂಬುದನ್ನು ಹೇಳುತ್ತದೆ. ಪದದ ಸ್ಥಾನ ಎರಡರಲ್ಲಿಯೂ ಒಂದೇ. ವ್ಯತ್ಯಾಸವನ್ನು ಮಾಡುತ್ತಿರುವುದು ಒಂದು ಪ್ರತ್ಯಯ. ಹೊರಗೆ–ಹೊರಗಿನ, ಮೇಲೆ–ಮೇಲಿನ, ಆಗ–ಆಗಿನ, ನಿನ್ನೆ–ನಿನ್ನೆಯ ಎಂಬ ಜೋಡಿಗಳೂ ಇದೇ ಬಗೆಯವು. ಇಂಗ್ಲಿಷಿನ 'ಹಿಯರ್' ಪದಕ್ಕೆ ಅಂತಹ ಪ್ರತ್ಯಯವಿಲ್ಲ. ಅದು ಅದೇ ಕೆಲಸವನ್ನು ಸ್ಥಾನದ ಮೂಲಕ ಮಾಡಿಸಿಕೊಳ್ಳುತ್ತದೆ. ವಾಕ್ಯದ ಮೊದಲಿಗೆ ಬಂದರೆ 'ಇಲ್ಲಿ', ನಾಮಪದವನ್ನು ಒತ್ತಿಕೊಂಡು ಅದರ ನಂತರ ಬಂದರೆ 'ಇಲ್ಲಿನ'. ಆದ್ದರಿಂದ 'ಹಿಯರ್ ಫಾರ್ಮರ್ಸ್ ಗ್ರೋ ಗ್ರೌಂಡ್‌ನಟ್' ಎಂಬುದು ವ್ಯಾಕರಣದೋಷವುಳ್ಳ ವಾಕ್ಯವಲ್ಲ. ಅದು ಮಕ್ಕಳ ಮನಸ್ಸಿನಲ್ಲಿದ್ದ ವಾಕ್ಯವಲ್ಲ, ಅಷ್ಟೇ. ನಿಜವಾಗಿ ತಪ್ಪಾದದ್ದು 'ದ ಹಿಯರ್ ಫಾರ್ಮರ್ಸ್' ಎಂಬುದೊಂದೇ.

ನಮ್ಮ ಜಿಲ್ಲೆಯ ಚಿನ್ನದ ಗಣಿಗಳ ಬಗ್ಗೆ ಅನುವಾದ ಮಾಡುವಾಗ ಈ ವ್ಯತ್ಯಾಸ ಪದೇ ಪದೇ ಎದುರಾಗುತ್ತದೆ. 2001ರಲ್ಲಿ ಮುಚ್ಚಿದ ಕೆ.ಜಿ.ಎಫ್. (ಕೋಲಾರ ಗೋಲ್ಡ್ ಫೀಲ್ಡ್ಸ್) ಗಣಿಗಳಲ್ಲಿ ಚಾಂಪಿಯನ್ ರೀಫ್ ಎಂಬ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಬಂಡೆಯೇ ಬಿಸಿಯಾಗಿರುತ್ತದೆ. 'ದ ಮೆನ್ ವರ್ಕ್ಡ್ ಅಂಡರ್‌ಗ್ರೌಂಡ್' ಎಂದರೆ ಅವರು ನೆಲದಡಿಯಲ್ಲಿ ಕೆಲಸ ಮಾಡಿದರು ಎಂದರ್ಥ. 'ದ ಮೆನ್ ಅಂಡರ್‌ಗ್ರೌಂಡ್ ಸಫರ್ಡ್ ಫ್ರಮ್ ದ ಹೀಟ್' ಎಂದಾಗ ನೆಲದಡಿಯ ಕಾರ್ಮಿಕರನ್ನು ಮೇಲಿನ ಕಾರ್ಮಿಕರಿಂದ ಬೇರ್ಪಡಿಸಿ ಹೇಳಿದಂತಾಗುತ್ತದೆ. ಎರಡನೆಯ ವಾಕ್ಯವನ್ನು 'ಕಾರ್ಮಿಕರು ನೆಲದಡಿಯಲ್ಲಿ ಸೆಕೆಯಿಂದ ಬಳಲಿದರು' ಎಂದು ಅನುವಾದಿಸಿದರೆ ಆ ಬೇರ್ಪಡಿಕೆ ಕಾಣೆಯಾಗುತ್ತದೆ.

ತಿಪಟೂರು ನಿವೃತ್ತ ಉಪನ್ಯಾಸಕ

ಅನುವಾದಕರು ಹೇಳಿದ್ದು ಸರಿಯಾಗಿದೆ. ಪದವರ್ಗದ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ.

ಆ ವಿದ್ಯಾರ್ಥಿನಿ ಹಿಡಿದದ್ದು ಪಠ್ಯಪುಸ್ತಕದ ವ್ಯಾಖ್ಯೆಯ ದೌರ್ಬಲ್ಯವನ್ನು. ರಾಂಡಲ್ಫ್ ಕ್ವಿರ್ಕ್, ಸಿಡ್ನಿ ಗ್ರೀನ್‌ಬಾಮ್, ಜೆಫ್ರಿ ಲೀಚ್ ಮತ್ತು ಯಾನ್ ಸ್ವಾರ್ಟ್‌ವಿಕ್ ಅವರ 1985ರ ಬೃಹತ್ ವ್ಯಾಕರಣವು ಸ್ಥಳ ಮತ್ತು ಕಾಲವನ್ನು ಸೂಚಿಸುವ ಕೆಲವು ಆಡ್‌ವರ್ಬ್‌ಗಳು ನಾಮಪದವನ್ನು ಅದರ ನಂತರ ನಿಂತು ವಿವರಿಸುತ್ತವೆ ಎಂದು ನೇರವಾಗಿ ಒಪ್ಪಿಕೊಳ್ಳುತ್ತದೆ. ಅಂದರೆ ಶಾಲೆಯ ವ್ಯಾಖ್ಯೆಯನ್ನು ಸ್ವಲ್ಪ ಸಡಿಲಿಸಿದರೆ ಸಾಕು ಎಂಬುದು ಅವರ ನಿಲುವು. ರಾಡ್ನಿ ಹಡಲ್‌ಸ್ಟನ್ ಮತ್ತು ಜೆಫ್ರಿ ಪುಲ್ಲಮ್ ಅವರ 2002ರ ವ್ಯಾಕರಣ ಇದಕ್ಕಿಂತ ಮುಂದೆ ಹೋಗಿ, 'ಹಿಯರ್', 'ಔಟ್‌ಸೈಡ್', 'ಅಪ್‌ಸ್ಟೇರ್ಸ್' ಮುಂತಾದವು ಆಡ್‌ವರ್ಬ್‌ಗಳೇ ಅಲ್ಲ, ಅವು ಪ್ರಿಪೊಸಿಷನ್‌ಗಳು ('ಇನ್', 'ಆನ್' ಮುಂತಾದ, ಸಾಮಾನ್ಯವಾಗಿ ನಾಮಪದದ ಮೊದಲು ಬರುವ ಸಂಬಂಧಸೂಚಕ ಪದಗಳು) ಎನ್ನುತ್ತದೆ. ಅವರ ತರ್ಕ ನನಗೆ ಒಪ್ಪಿಗೆಯಾಗುತ್ತದೆ. 'ಔಟ್‌ಸೈಡ್ ದ ಸ್ಕೂಲ್' ಎಂದಾಗ 'ಔಟ್‌ಸೈಡ್' ಪ್ರಿಪೊಸಿಷನ್ ಎಂದು ಎಲ್ಲರೂ ಒಪ್ಪುತ್ತಾರೆ. 'ದ ಸ್ಕೂಲ್' ಎಂಬುದನ್ನು ಬಿಟ್ಟ ಮಾತ್ರಕ್ಕೆ ಅದರ ವರ್ಗ ಯಾಕೆ ಬದಲಾಗಬೇಕು? 'ತಿಂದನು' ಎಂಬುದು ಕರ್ಮಪದ ಇದ್ದರೂ ಇಲ್ಲದಿದ್ದರೂ ಕ್ರಿಯಾಪದವೇ ಅಲ್ಲವೇ? ಪ್ರಿಪೊಸಿಷನ್‌ನಿಂದ ಆರಂಭವಾಗುವ ಪದಗುಚ್ಛಗಳು ಇಂಗ್ಲಿಷಿನಲ್ಲಿ ನಾಮಪದದ ನಂತರ ನಿಲ್ಲುವುದು ಸಹಜ ಕ್ರಮ. 'ದ ಬಾಯ್ಸ್ ಇನ್ ದ ಫೀಲ್ಡ್' ಎಂಬುದಕ್ಕೆ ಯಾರೂ ತಕರಾರು ಮಾಡುವುದಿಲ್ಲ. 'ದ ಬಾಯ್ಸ್ ಔಟ್‌ಸೈಡ್' ಅದೇ ಸಾಲಿನದು ಎಂದುಕೊಂಡರೆ ಸಮಸ್ಯೆಯೇ ಉಳಿಯುವುದಿಲ್ಲ. ಇನ್ನು 'ಯೆಸ್ಟರ್‌ಡೇ', 'ಟುಡೇ' ಮುಂತಾದವನ್ನು ಅದೇ ವ್ಯಾಕರಣ ಸರ್ವನಾಮಗಳ ಕಡೆಗೆ ಸೇರಿಸುತ್ತದೆ. ಆ ಚರ್ಚೆ ಇಲ್ಲಿ ಬೇಡ.

ಕನ್ನಡದಲ್ಲಿಯೂ ಗೆರೆ ಇಷ್ಟೇ ಮಸುಕಾಗಿದೆ ಎಂಬುದನ್ನು ಗಮನಿಸಿ. ಕೇಶಿರಾಜನು ಶಬ್ದಮಣಿದರ್ಪಣದ ಕೊನೆಯ ಪ್ರಕರಣವನ್ನು ಅವ್ಯಯಗಳಿಗೆ ಮೀಸಲಿಟ್ಟಿದ್ದಾನೆ. ಅವ್ಯಯವೆಂದರೆ ವಿಭಕ್ತಿಯಿಂದ ರೂಪ ಬದಲಾಗದ ಪದ ಎಂದು ಶಾಲೆಯಲ್ಲಿ ಕಲಿಸುತ್ತೇವೆ, ಮತ್ತು 'ಇಲ್ಲಿ', 'ನಿನ್ನೆ' ಎಂಬುವನ್ನು ಆ ಪಟ್ಟಿಯಲ್ಲಿ ಬರೆಸುತ್ತೇವೆ. ಆದರೆ ಇಲ್ಲಿಗೆ, ಇಲ್ಲಿಂದ, ಇಲ್ಲಿನ, ನಿನ್ನೆಯಿಂದ ಎಂದು ಇವು ಪ್ರತ್ಯಯಗಳನ್ನು ಧಾರಾಳವಾಗಿ ಪಡೆಯುತ್ತವೆ. ಎರಡು ಭಾಷೆಗಳಲ್ಲಿಯೂ ಸ್ಥಳ ಮತ್ತು ಕಾಲದ ಪದಗಳು ನಾಮಪದಕ್ಕೂ ಕ್ರಿಯಾಪದಕ್ಕೂ ನಡುವೆ ಓಡಾಡಿಕೊಂಡಿರುವ ಪದಗಳೇ.

ಮಧುಗಿರಿ ಶಿಕ್ಷಕಿ

ಇಬ್ಬರಿಗೂ ಧನ್ಯವಾದಗಳು. 'ಇಲ್ಲಿ' ಮತ್ತು 'ಇಲ್ಲಿನ' ಎಂಬ ಜೋಡಿಯಿಂದಲೇ ಪಾಠ ಆರಂಭಿಸುತ್ತೇನೆ. ಆದರೆ ಸಿದ್ಧವಾಗಿ ಮುಂದಿಟ್ಟ ಇಂಗ್ಲಿಷ್ ವಾಕ್ಯವೊಂದರಲ್ಲಿ, ಬಹುವಚನ ನಾಮಪದದ ನಂತರ ಬಂದ ಪದ ಹಿಂದಿನ ನಾಮಪದಕ್ಕೆ ಸೇರಿದ್ದೋ ಮುಂದಿನ ಕ್ರಿಯಾಪದಕ್ಕೆ ಸೇರಿದ್ದೋ ಎಂದು ಮಗು ಹೇಗೆ ಕಂಡುಕೊಳ್ಳಬೇಕು? 'ದ ಬಾಯ್ಸ್ ಔಟ್‌ಸೈಡ್ ಹರ್ಡ್ ದ ಬೆಲ್' ಮತ್ತು 'ದ ಬಾಯ್ಸ್ ಕ್ವಿಕ್ಲಿ ಕ್ಲೋಸ್ಡ್ ದ ಗೇಟ್' ಎಂಬ ಎರಡು ವಾಕ್ಯಗಳು ಕಣ್ಣಿಗೆ ಒಂದೇ ರೀತಿ ಕಾಣುತ್ತವೆ.

ಕೋಲಾರ ಅನುವಾದಕ

ಮೇಡಂ, ನೀವು ಕೊಟ್ಟ ಎರಡು ವಾಕ್ಯಗಳೇ ಅತ್ಯುತ್ತಮ ಉದಾಹರಣೆಗಳು. ಎರಡರಲ್ಲಿಯೂ 'ದ ಬಾಯ್ಸ್' ಎಂಬುದನ್ನು ತೆಗೆದು 'ದೇ' ಎಂದು ಇಟ್ಟು ನೋಡಲು ಹೇಳಿ. 'ದೇ ಕ್ವಿಕ್ಲಿ ಕ್ಲೋಸ್ಡ್ ದ ಗೇಟ್' ಸಲೀಸಾಗಿ ನಿಲ್ಲುತ್ತದೆ. ಆದ್ದರಿಂದ 'ಕ್ವಿಕ್ಲಿ' ಕ್ರಿಯಾಪದದ ಕಡೆಯದು. 'ದೇ ಔಟ್‌ಸೈಡ್ ಹರ್ಡ್ ದ ಬೆಲ್' ಎಂಬುದು ಇಂಗ್ಲಿಷ್ ಆಗುವುದಿಲ್ಲ. 'ದೇ ಹರ್ಡ್ ದ ಬೆಲ್' ಎಂದೇ ಆಗಬೇಕು. ಅಂದರೆ ಸರ್ವನಾಮವು 'ಔಟ್‌ಸೈಡ್' ಪದವನ್ನೂ ತನ್ನೊಳಗೆ ಎಳೆದುಕೊಂಡಿತು, ಏಕೆಂದರೆ ಅದು ನಾಮಪದಗುಚ್ಛದ ಭಾಗವಾಗಿತ್ತು. ಕನ್ನಡದಲ್ಲಿಯೂ 'ಹೊರಗಿನ ಹುಡುಗರು' ಎಂಬುದಕ್ಕೆ ಬದಲಾಗಿ ಬರುವುದು 'ಅವರು' ಮಾತ್ರ, 'ಹೊರಗಿನ ಅವರು' ಅಲ್ಲ.

ಪ್ರಶ್ನಾರ್ಥಕ ವಾಕ್ಯವನ್ನು ಮಾಡಿಸಿದರೆ ಇನ್ನೂ ಸೊಗಸಾದ ಫಲ ಸಿಗುತ್ತದೆ. 'ಆರ್ ದ ಬಾಯ್ಸ್ ಔಟ್‌ಸೈಡ್?' ಎಂದರೆ 'ಹುಡುಗರು ಹೊರಗಿದ್ದಾರೆಯೇ?' ಅದರ ಕೊನೆಗೆ ಒಂದೇ ಪದ ಸೇರಿಸಿ 'ಆರ್ ದ ಬಾಯ್ಸ್ ಔಟ್‌ಸೈಡ್ ಹಂಗ್ರಿ?' ಎಂದರೆ 'ಹೊರಗಿನ ಹುಡುಗರಿಗೆ ಹಸಿವಾಗಿದೆಯೇ?' ಎಂದಾಗುತ್ತದೆ. 'ಔಟ್‌ಸೈಡ್' ಕದಲಲಿಲ್ಲ, ಅದರ ನಂತರ ಬಂದ ಪದ ಅದರ ಕೆಲಸವನ್ನೇ ಬದಲಿಸಿತು. ಕನ್ನಡ ಓದುಗರಿಗೆ ಇದು ಕಷ್ಟವಾಗುವುದೂ ಈ ಕಾರಣದಿಂದಲೇ: ನಾವು ಪ್ರತ್ಯಯ ಕೇಳಿಸಿದೊಡನೆ ಪದದ ಕೆಲಸವನ್ನು ತಿಳಿಯುತ್ತೇವೆ, ಇಂಗ್ಲಿಷಿನಲ್ಲಿ ಮುಂದಿನ ಪದಕ್ಕಾಗಿ ಕಾಯಬೇಕಾಗುತ್ತದೆ.

ಕೆಲವು ವಾಕ್ಯಗಳು ಮಾತ್ರ ಎಷ್ಟು ಕಾಯ್ದರೂ ಬಗೆಹರಿಯುವುದಿಲ್ಲ. 'ಐ ಸಾ ದ ಬಾಯ್ಸ್ ಔಟ್‌ಸೈಡ್' ಎಂಬುದು 'ಹೊರಗಿನ ಹುಡುಗರನ್ನು ನೋಡಿದೆ' ಎಂದೂ ಆಗುತ್ತದೆ, 'ಹುಡುಗರನ್ನು ಹೊರಗೆ ನೋಡಿದೆ' ಎಂದೂ ಆಗುತ್ತದೆ. ಕರ್ಮಣಿ ಪ್ರಯೋಗಕ್ಕೆ ತಿರುಗಿಸಿದರೆ ಎರಡು ಅರ್ಥಗಳು ಬೇರೆ ಬೇರೆ ವಾಕ್ಯಗಳಾಗಿ ಒಡೆದುಕೊಳ್ಳುತ್ತವೆ: 'ದ ಬಾಯ್ಸ್ ಔಟ್‌ಸೈಡ್ ವರ್ ಸೀನ್' ಮತ್ತು 'ದ ಬಾಯ್ಸ್ ವರ್ ಸೀನ್ ಔಟ್‌ಸೈಡ್'. ಇದನ್ನು ಒಂಬತ್ತನೆಯ ತರಗತಿಗಿಂತ ಮೊದಲು ಕಲಿಸುವುದು ಬೇಡ ಎಂಬುದು ನನ್ನ ಅನಿಸಿಕೆ.

ಬಹುವಚನದಲ್ಲಿ ಈ ಗೊಂದಲ ಹೆಚ್ಚು ಎಂಬುದಕ್ಕೂ ಕಾರಣವಿದೆ. ಏಕವಚನದಲ್ಲಿ 'ಎ' ಅಥವಾ 'ದ' ಇಲ್ಲದೆ 'ಫಾರ್ಮರ್' ಎಂದು ಬರೆಯಲಾಗದು. ಬಹುವಚನ ಮಾತ್ರ 'ಫಾರ್ಮರ್ಸ್ ಹಿಯರ್' ಎಂದು ಯಾವ ಗುರುತೂ ಇಲ್ಲದೆ ವಾಕ್ಯದ ಮೊದಲಿಗೆ ಬಂದು ನಿಲ್ಲಬಹುದು. ಆಗ ಗುಚ್ಛ ಎಲ್ಲಿ ಮುಗಿಯಿತೆಂದು ತಿಳಿಯಲು ಓದುಗನಿಗೆ ಕ್ರಿಯಾಪದದ ಹೊರತು ಬೇರೆ ಆಧಾರವಿರುವುದಿಲ್ಲ.

ಶಿಡ್ಲಘಟ್ಟ ಪತ್ರಬರಹಗಾರ

ಈ ಚರ್ಚೆ ನನ್ನ ಕೆಲಸಕ್ಕೆ ನೇರವಾಗಿ ಸಂಬಂಧಿಸಿದ್ದು. ನಮ್ಮ ಊರಿನ ರೇಷ್ಮೆಗೂಡಿನ ವಹಿವಾಟಿನಲ್ಲಿರುವ ರೀಲರುಗಳಿಗೆ (ಗೂಡಿನಿಂದ ನೂಲು ತೆಗೆಯುವವರಿಗೆ) ಇಂಗ್ಲಿಷ್ ಪತ್ರಗಳನ್ನು ಬರೆದುಕೊಡುತ್ತೇನೆ. 'ಇಲ್ಲಿನ ಗೂಡುಗಳ ಗುಣಮಟ್ಟ ಕುಸಿದಿದೆ' ಎಂದು ಬರೆಯಬೇಕಾದಾಗ 'ದ ಕ್ವಾಲಿಟಿ ಆಫ್ ದ ಕಕೂನ್ಸ್ ಹಿಯರ್' ಎನ್ನುವವರೆಗೆ ಯಾವ ತೊಡಕೂ ಇಲ್ಲ. ಅದಾದ ಮೇಲೆ 'ಹ್ಯಾಸ್ ಫಾಲನ್' ಎನ್ನಬೇಕೋ 'ಹ್ಯಾವ್ ಫಾಲನ್' ಎನ್ನಬೇಕೋ ಎಂದು ಕೈ ತಡೆಯುತ್ತದೆ. ನಿಯಮ ತಿಳಿದಿದ್ದರೂ ಕಿವಿ 'ಕಕೂನ್ಸ್' ಎಂಬ ಬಹುವಚನದ ಕಡೆಗೇ ವಾಲುತ್ತದೆ. ಕನ್ನಡ ಬರೆಯುವಾಗ ಇಂತಹ ಹಿಂಜರಿಕೆ ಎಂದೂ ಆಗುವುದಿಲ್ಲ. ಇದಕ್ಕೆ ಕಾರಣವೇನಿರಬಹುದು?

ತಿಪಟೂರು ನಿವೃತ್ತ ಉಪನ್ಯಾಸಕ

ಈ ಇಡೀ ಚರ್ಚೆಯಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ ಪ್ರಶ್ನೆ ಇದು.

ಕನ್ನಡದಲ್ಲಿ ವಿವರಿಸುವ ಪದಗಳೆಲ್ಲವೂ ಮುಂಚೆ ಬಂದು ವಿಶೇಷ್ಯ, ಅಂದರೆ ಅವು ವಿವರಿಸುವ ನಾಮಪದ, ಕೊನೆಗೆ ನಿಲ್ಲುತ್ತದೆ. 'ಇಲ್ಲಿನ', 'ಗೂಡುಗಳ' ಎಂಬುವು ಸಾಲಾಗಿ ಬಂದು ಮುಗಿದ ಮೇಲೆ 'ಗುಣಮಟ್ಟ' ಬರುತ್ತದೆ, ಅದರ ಮಗ್ಗುಲಲ್ಲೇ 'ಕುಸಿದಿದೆ' ಎಂಬ ಕ್ರಿಯಾಪದ ಕುಳಿತಿರುತ್ತದೆ. ವಿವರಣೆ ಎಷ್ಟೇ ಉದ್ದವಾದರೂ ಅದು ಈ ಎರಡರ ನಡುವೆ ನುಗ್ಗುವುದಿಲ್ಲ. 'ಕಳೆದ ತಿಂಗಳು ಹೊರಜಿಲ್ಲೆಗಳಿಂದ ಇಲ್ಲಿನ ಮಾರುಕಟ್ಟೆಗೆ ಬಂದ ಗೂಡುಗಳ ಗುಣಮಟ್ಟ ಕುಸಿದಿದೆ' ಎಂದರೂ ಅಷ್ಟೇ. ಇಂಗ್ಲಿಷಿನಲ್ಲಿ ವಿಶೇಷ್ಯ ಮೊದಲು ಬಂದು, ಪ್ರಿಪೊಸಿಷನ್ ಗುಚ್ಛ, ಸ್ಥಳ, ಕಾಲ ಎಲ್ಲವೂ ಅದರ ನಂತರ ಪೇರಿಸಿಕೊಳ್ಳುತ್ತವೆ. ಹೀಗಾಗಿ 'ಕ್ವಾಲಿಟಿ' ಮತ್ತು 'ಹ್ಯಾಸ್' ಎಂಬ ಜೊತೆಗಾರರ ನಡುವೆ ಅಪರಿಚಿತರು ಸೇರಿಕೊಳ್ಳುತ್ತಾರೆ, ಅವರಲ್ಲಿ ಒಬ್ಬ ಬಹುವಚನದವನಾಗಿದ್ದರೆ ಕ್ರಿಯಾಪದ ಅವನ ಕಡೆಗೆ ತಿರುಗುತ್ತದೆ. ಇಂಗ್ಲಿಷ್ ಮಾತೃಭಾಷೆಯವರೂ ಈ ಸೆಳೆತಕ್ಕೆ ಸಿಲುಕುತ್ತಾರೆ. ಮನೋಭಾಷಾವಿಜ್ಞಾನಿಗಳು ಅದನ್ನು ಪ್ರತ್ಯೇಕ ವಿಷಯವಾಗಿಯೇ ಅಧ್ಯಯನ ಮಾಡಿದ್ದಾರೆ. ಆದ್ದರಿಂದ ನಿಮ್ಮ ಕೈ ತಡೆಯುವುದು ಭಾಷೆ ಬಾರದಿರುವುದರ ಲಕ್ಷಣವಲ್ಲ.

ಪರಿಹಾರ ಯಾಂತ್ರಿಕವಾದದ್ದು. ಕ್ರಿಯಾಪದ ಬರೆಯುವ ಮುನ್ನ, ಗುಚ್ಛದಲ್ಲಿ ಪ್ರಿಪೊಸಿಷನ್‌ನ ನಂತರ ಬಂದ ನಾಮಪದಗಳನ್ನೂ 'ಹಿಯರ್', 'ಯೆಸ್ಟರ್‌ಡೇ'ಗಳನ್ನೂ ಬೆರಳಿನಿಂದ ಮುಚ್ಚಿ, ಉಳಿದದ್ದನ್ನು ಓದಿಕೊಳ್ಳಿ. 'ದ ಕ್ವಾಲಿಟಿ ಹ್ಯಾಸ್ ಫಾಲನ್', 'ದ ಪ್ರೈಸಸ್ ಹ್ಯಾವ್ ಫಾಲನ್'. ಆಡ್‌ವರ್ಬ್ ತಾನಾಗಿ ಎಂದೂ ಕ್ರಿಯಾಪದದ ವಚನವನ್ನು ಬದಲಿಸುವುದಿಲ್ಲ.

ಚಿಂತಾಮಣಿ ಸ್ಪರ್ಧಾರ್ಥಿ

ಸರ್, ಆಡ್‌ವರ್ಬ್ ವಚನವನ್ನು ಬದಲಿಸದು ಎಂದಿರಿ. ಆದರೆ 'ಈಚ್' ಬಂದಾಗ ಏನಾಗುತ್ತದೆ? 'ಈಚ್ ಆಫ್ ದ ಸ್ಟೂಡೆಂಟ್ಸ್ ಹ್ಯಾಸ್ ಎ ಬುಕ್' ಎಂಬುದು ಸರಿ ಎಂದು ಗೊತ್ತು. ಬಹುವಚನ ನಾಮಪದದ ನಂತರ 'ಈಚ್' ಬಂದರೆ 'ಹ್ಯಾವ್' ಆಗುತ್ತದೆ ಎಂದು ಒಂದು ಮಾದರಿ ಉತ್ತರದಲ್ಲಿ ಓದಿ ಗೊಂದಲಕ್ಕೀಡಾಗಿದ್ದೇನೆ. ಜೊತೆಗೆ, ಪಂದ್ಯಾವಳಿಗಳ ಬ್ಯಾನರುಗಳಲ್ಲಿ 'ರನ್ನರ್ ಅಪ್ಸ್' ಎಂದೂ 'ರನ್ನರ್ಸ್ ಅಪ್' ಎಂದೂ ಬರೆಯುತ್ತಾರೆ. ಯಾವುದು ಸರಿ?

ತಿಪಟೂರು ನಿವೃತ್ತ ಉಪನ್ಯಾಸಕ

ಮಾದರಿ ಉತ್ತರ ಸರಿಯಾಗಿದೆ. 'ದ ಸ್ಟೂಡೆಂಟ್ಸ್ ಈಚ್ ಹ್ಯಾವ್ ಎ ಬುಕ್' ಎಂಬಲ್ಲಿ ಕರ್ತೃ 'ದ ಸ್ಟೂಡೆಂಟ್ಸ್'; 'ಈಚ್' ಅದರ ನಂತರ ತೇಲಿಕೊಂಡು ಬಂದು ನಿಂತ ಪದ ಮಾತ್ರ. 'ಈಚ್ ಆಫ್ ದ ಸ್ಟೂಡೆಂಟ್ಸ್' ಎಂದಾಗ 'ಈಚ್' ತಾನೇ ಕರ್ತೃವಿನ ಮುಖ್ಯ ಪದವಾಗುತ್ತದೆ. 'ಆಲ್' ಮತ್ತು 'ಬೋತ್' ಸಹ ಇದೇ ರೀತಿ ನಾಮಪದದಾಚೆಗೆ ಸರಿಯಬಲ್ಲವು: 'ದ ಬಾಯ್ಸ್ ಆಲ್ ವೆಂಟ್ ಹೋಮ್', 'ದ ಬಾಯ್ಸ್ ಹ್ಯಾವ್ ಆಲ್ ಗಾನ್ ಹೋಮ್'. ಕನ್ನಡ ವಿದ್ಯಾರ್ಥಿಗಳಿಗೆ ಇದು ಹೊಸತೇನಲ್ಲ. 'ಎಲ್ಲ ಹುಡುಗರು' ಎಂದಷ್ಟೇ ಸಲೀಸಾಗಿ 'ಹುಡುಗರೆಲ್ಲ' ಎನ್ನುತ್ತೇವೆ. 'ರೈತರು ಮಾತ್ರ', 'ರೈತರೂ ಸಹ' ಎಂಬಲ್ಲಿಯೂ ಚಿಕ್ಕ ಪದಗಳು ನಾಮಪದದ ನಂತರವೇ ಬರುತ್ತವೆ.

ಎರಡನೆಯ ಪ್ರಶ್ನೆಗೆ ಉತ್ತರ 'ರನ್ನರ್ಸ್ ಅಪ್'. 'ರನ್ನರ್' ನಾಮಪದ, 'ಅಪ್' ಅದನ್ನು ಹಿಂಬಾಲಿಸುವ ಪದ. ಬಹುವಚನದ ಗುರುತು ನಾಮಪದಕ್ಕೇ ಹತ್ತುತ್ತದೆ. 'ಪಾಸರ್ಸ್ ಬೈ', 'ಹ್ಯಾಂಗರ್ಸ್ ಆನ್' ಎಂಬುವೂ ಹೀಗೆಯೇ. 'ಗ್ರೋನ್ ಅಪ್ಸ್', 'ಚೆಕ್ ಅಪ್ಸ್' ಎಂಬಲ್ಲಿ ಮೊದಲ ಭಾಗ ನಾಮಪದವಲ್ಲದ ಕಾರಣ ಗುರುತು ಕೊನೆಗೆ ಹೋಗುತ್ತದೆ. ನಮ್ಮ ಕಡೆಯ ಕ್ರೀಡಾಕೂಟಗಳ ಬ್ಯಾನರುಗಳನ್ನು ತಿದ್ದುವುದಕ್ಕೆ ಹೊರಟರೆ ಬೇರೆ ಕೆಲಸಕ್ಕೆ ಸಮಯ ಉಳಿಯಲಾರದು, ಆ ಮಾತು ಬೇರೆ.

ಗೌರಿಬಿದನೂರು ಓದುಗ

ಮೇಲಿನ ಉತ್ತರಕ್ಕೆ ಒಂದು ಸೇರ್ಪಡೆ. ಬಹುವಚನದ ಗುರುತು ನಾಮಪದಕ್ಕೆ ಹತ್ತುತ್ತದೆ, ಆದರೆ ಷಷ್ಠಿಯ ಗುರುತು ಗುಚ್ಛದ ಕೊನೆಗೆ ಹತ್ತುತ್ತದೆ. 'ದ ಪೀಪಲ್ ನೆಕ್ಸ್ಟ್ ಡೋರ್ಸ್ ಡಾಗ್' ಎಂದರೆ ಪಕ್ಕದ ಮನೆಯವರ ನಾಯಿ. 'ಪೀಪಲ್' ಪದಕ್ಕೆ ಸೇರಬೇಕಾದ ಗುರುತು 'ಡೋರ್' ಪದದ ಮೇಲೆ ಕುಳಿತಿದೆ. ಇದು ಆಡುಮಾತಿನ ಪ್ರಯೋಗ. ಬರವಣಿಗೆಯಲ್ಲಿ 'ದ ಡಾಗ್ ಆಫ್ ದ ಪೀಪಲ್ ನೆಕ್ಸ್ಟ್ ಡೋರ್' ಎನ್ನುವುದು ಮೇಲು. ಕನ್ನಡದಲ್ಲಿ ವಿಶೇಷ್ಯವೇ ಗುಚ್ಛದ ಕೊನೆಯ ಪದವಾಗಿರುವುದರಿಂದ ಬಹುವಚನವೂ ವಿಭಕ್ತಿಯೂ 'ಮನೆಯವರ' ಎಂದು ಒಂದೇ ಪದದಲ್ಲಿ ಕೂಡಿಕೊಳ್ಳುತ್ತವೆ.

ನನ್ನ ಪ್ರಶ್ನೆ ಅಳತೆಯ ಪದಗಳ ಬಗ್ಗೆ. 'ಟೂ ಇಯರ್ಸ್ ಅಗೋ', 'ಟೆನ್ ಕಿಲೋಮೀಟರ್ಸ್ ಅವೇ', 'ತ್ರೀ ಡೇಸ್ ಲೇಟರ್' ಎಂಬಲ್ಲಿಯೂ ಬಹುವಚನ ನಾಮಪದದ ನಂತರವೇ ಆಡ್‌ವರ್ಬ್ ಬಂದಿದೆ. ಇದೂ 'ಫಾರ್ಮರ್ಸ್ ಹಿಯರ್' ಜಾತಿಗೇ ಸೇರುತ್ತದೆಯೇ?

ಕೋಲಾರ ಅನುವಾದಕ

ಸೇರುವುದಿಲ್ಲ. ಹೊರಗಿನ ರೂಪ ಒಂದೇ, ಒಳಗಿನ ಸಂಬಂಧ ತಿರುಗುಮುರುಗು. 'ಫಾರ್ಮರ್ಸ್ ಹಿಯರ್' ಎಂಬಲ್ಲಿ ನಂತರದ ಪದ ನಾಮಪದವನ್ನು ವಿವರಿಸುತ್ತದೆ. 'ಟೂ ಇಯರ್ಸ್ ಅಗೋ' ಎಂಬಲ್ಲಿ ನಾಮಪದವೇ ನಂತರದ ಪದವನ್ನು ಅಳೆಯುತ್ತದೆ, ಎಷ್ಟು ಹಿಂದೆ ಎಂದು ಹೇಳುತ್ತದೆ. ಇದಕ್ಕೆ ಕನ್ನಡದ ಕ್ರಮವೂ ಪದಕ್ಕೆ ಪದ ಹೊಂದುತ್ತದೆ: ಎರಡು ವರ್ಷಗಳ ಹಿಂದೆ, ಹತ್ತು ಕಿಲೋಮೀಟರ್ ದೂರ, ಮೂರು ದಿನಗಳ ನಂತರ. ಹೀಗಿದ್ದೂ ನಮ್ಮಲ್ಲಿ 'ಬಿಫೋರ್ ಟೂ ಇಯರ್ಸ್' ಎಂದು ಹೇಳುವವರೇ ಹೆಚ್ಚು. ಕನ್ನಡದ ವಿಭಕ್ತಿ ಪ್ರತ್ಯಯ ನಾಮಪದದ ನಂತರ, ಇಂಗ್ಲಿಷಿನ ಪ್ರಿಪೊಸಿಷನ್ ನಾಮಪದದ ಮೊದಲು ಎಂಬ ಪಾಠವನ್ನು ಎಷ್ಟು ಗಟ್ಟಿಯಾಗಿ ಕಲಿತಿರುತ್ತೇವೆಂದರೆ, ಕನ್ನಡದ ಕ್ರಮವನ್ನೇ ಉಳಿಸಿಕೊಳ್ಳಬೇಕಾದ ಒಂದೇ ಜಾಗದಲ್ಲಿಯೂ ಅದನ್ನು ತಿರುಗಿಸಿಬಿಡುತ್ತೇವೆ.

ಇನ್ನೊಂದು ತಪ್ಪು 'ಟೂ ಇಯರ್ ಅಗೋ'. ಕನ್ನಡದಲ್ಲಿ ಸಂಖ್ಯೆ ಬಂದ ಮೇಲೆ ಮನುಷ್ಯವಾಚಕವಲ್ಲದ ಪದಕ್ಕೆ ಬಹುವಚನ ಕಡ್ಡಾಯವಲ್ಲ. 'ಎರಡು ವರ್ಷದ ಹಿಂದೆ', 'ನೂರು ಬಾಕ್ಸ್ ಟೊಮ್ಯಾಟೊ' ಎನ್ನುತ್ತೇವೆ. 'ಇಬ್ಬರು ಹುಡುಗ' ಎಂದು ಮಾತ್ರ ಯಾರೂ ಅನ್ನುವುದಿಲ್ಲ. ಇಂಗ್ಲಿಷಿನಲ್ಲಿ ಈ ರಿಯಾಯಿತಿ ಸಿಗುವುದು ಅಳತೆಯ ಗುಚ್ಛ ನಾಮಪದದ ಮುಂಚೆ ಬಂದಾಗ: 'ಎ ಟೆನ್ ಕಿಲೋಮೀಟರ್ ರೋಡ್'. ನಂತರ ಬಂದಾಗ ಬಹುವಚನ ಬೇಕೇ ಬೇಕು.

ಎರಡೂ ಬಗೆ ಒಂದೇ ವಾಕ್ಯದಲ್ಲಿ ಕೂಡಿಕೊಳ್ಳುವುದೂ ಉಂಟು. 2018ರಲ್ಲಿ ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯಿಂದ ಬೆಂಗಳೂರಿನ ಸಂಸ್ಕರಿತ ನೀರು ನಮ್ಮ ಜಿಲ್ಲೆಯ ಕೆರೆಗಳಿಗೆ ಬರತೊಡಗಿತು. ಮೇಲಿನ ಕೆರೆ ತುಂಬಿ ಕೋಡಿ ಹರಿದ ಮೇಲೆ ಕೆಳಗಿನ ಕೆರೆಗೆ ನೀರು ಹೋಗುವುದು ಇಲ್ಲಿನ ಸರಣಿ ಕೆರೆಗಳ ವ್ಯವಸ್ಥೆ. 'ದ ಟ್ಯಾಂಕ್ಸ್ ಟೆನ್ ಕಿಲೋಮೀಟರ್ಸ್ ಡೌನ್‌ಸ್ಟ್ರೀಮ್ ಫಿಲ್ ಲೇಟರ್' ಎಂಬ ವಾಕ್ಯವನ್ನು ನೋಡಿ. 'ಟೆನ್ ಕಿಲೋಮೀಟರ್ಸ್' ಎಂಬುದು 'ಡೌನ್‌ಸ್ಟ್ರೀಮ್' ಪದವನ್ನು ಅಳೆಯುತ್ತದೆ; ಆ ಇಡೀ ಗುಚ್ಛ 'ಟ್ಯಾಂಕ್ಸ್' ಪದವನ್ನು ವಿವರಿಸುತ್ತದೆ; 'ಲೇಟರ್' ಮಾತ್ರ 'ಫಿಲ್' ಎಂಬ ಕ್ರಿಯೆಗೆ ಸೇರಿದ್ದು. ಕನ್ನಡದಲ್ಲಿ ಇದು 'ಹತ್ತು ಕಿಲೋಮೀಟರ್ ಕೆಳಗಿನ ಕೆರೆಗಳು ಆಮೇಲೆ ತುಂಬುತ್ತವೆ' ಎಂದಾಗುತ್ತದೆ. 'ಕೆಳಗಿನ' ಎಂಬಲ್ಲಿ ಇರುವ ಪ್ರತ್ಯಯ 'ಆಮೇಲೆ' ಎಂಬಲ್ಲಿ ಇಲ್ಲ. ಯಾವುದು ಯಾರಿಗೆ ಸೇರಿದ್ದು ಎಂಬುದಕ್ಕೆ ಅಷ್ಟೇ ಸಾಕ್ಷಿ.

ಚಿಂತಾಮಣಿ ಸ್ಪರ್ಧಾರ್ಥಿ

ಹಾಗಾದರೆ ಸ್ಥಳ ಮತ್ತು ಕಾಲದ ಪದಗಳು ನಾಮಪದದ ನಂತರ ನಿಲ್ಲಬಲ್ಲವು, 'ಲಿ' ಎಂದು ಕೊನೆಗೊಳ್ಳುವ ಆಡ್‌ವರ್ಬ್‌ಗಳು ಎಂದೂ ನಿಲ್ಲಲಾರವು ಎಂದು ನಿಯಮ ಮಾಡಿಕೊಳ್ಳಬಹುದೇ?

ಕೋಲಾರ ಅನುವಾದಕ

ಮಾಡಿಕೊಳ್ಳಬಹುದು ಎಂದು ನನ್ನ ಅಭಿಪ್ರಾಯ. 'ದ ಬಾಯ್ಸ್ ಕ್ವಿಕ್ಲಿ' ಎಂಬುದು ನಾಮಪದಗುಚ್ಛ ಆಗುವುದಿಲ್ಲ.

ತಿಪಟೂರು ನಿವೃತ್ತ ಉಪನ್ಯಾಸಕ

'ಎಂದೂ' ಎಂಬ ಮಾತನ್ನು ನಾನು ಒಪ್ಪಲಾರೆ. ರೀತಿಯನ್ನು ಹೇಳುವ 'ಕ್ವಿಕ್ಲಿ', 'ಕೇರ್‌ಫುಲಿ' ಮುಂತಾದವುಗಳ ಮಟ್ಟಿಗೆ ಅನುವಾದಕರ ಮಾತು ಸರಿ. ಆದರೆ 'ಪ್ರೈಸಸ್ ಇಂಟರ್‌ನ್ಯಾಷನಲಿ ಆರ್ ಹೈಯರ್', 'ಫಾರ್ಮರ್ಸ್ ನ್ಯಾಷನಲಿ' ಎಂಬಂತಹ ಪ್ರಯೋಗಗಳು ಇಂಗ್ಲಿಷ್ ಪತ್ರಿಕೆಗಳಲ್ಲಿ ಬರುತ್ತವೆ. ಜಾನ್ ಪೇನ್, ಹಡಲ್‌ಸ್ಟನ್ ಮತ್ತು ಪುಲ್ಲಮ್ 2010ರ ಲೇಖನವೊಂದರಲ್ಲಿ, ಆಡ್‌ವರ್ಬ್‌ಗಳು ನಾಮಪದವನ್ನು ವಿವರಿಸುವುದೇ ಇಲ್ಲ ಎಂಬ ನಂಬಿಕೆ ತಪ್ಪೆಂದು ಇಂತಹ ಉದಾಹರಣೆಗಳಿಂದಲೇ ತೋರಿಸಿದ್ದಾರೆ. ನೀವೇ ಹೇಳಿದ 'ದೇ' ಪರೀಕ್ಷೆಗೆ ಒಡ್ಡಿ ನೋಡಿ: 'ದೇ ಇಂಟರ್‌ನ್ಯಾಷನಲಿ ಆರ್ ಹೈಯರ್' ಎಂಬುದು ಕುಂಟುತ್ತದೆ.

ಕೋಲಾರ ಅನುವಾದಕ

ಪರೀಕ್ಷೆಯ ಫಲವನ್ನು ಒಪ್ಪುತ್ತೇನೆ, ಸರ್. ಆದರೂ ನೀವು ಕೊಟ್ಟ ಎರಡು ಪದಗಳೂ ರೂಪದಲ್ಲಿ 'ಲಿ'ಕಾರಾಂತವಾಗಿದ್ದರೂ ಅರ್ಥದಲ್ಲಿ ಸ್ಥಳದ ವ್ಯಾಪ್ತಿಯನ್ನೇ ಹೇಳುತ್ತವೆ: ಅಂತರರಾಷ್ಟ್ರೀಯ ಮಟ್ಟದ ಬೆಲೆಗಳು, ದೇಶಾದ್ಯಂತದ ರೈತರು. ಕನ್ನಡದಲ್ಲಿ 'ದೇಶಾದ್ಯಂತ' ಎಂಬುದು 'ದೇಶಾದ್ಯಂತದ' ಎಂದಾಗಬಲ್ಲದು. 'ಬೇಗನೆ' ಎಂಬುದಕ್ಕೆ ಅಂತಹ ರೂಪವೇ ಇಲ್ಲ. ಆದ್ದರಿಂದ ಗೆರೆಯನ್ನು ಪದದ ಬಾಲದ ಮೇಲೆ ಎಳೆಯದೆ ಅರ್ಥದ ಮೇಲೆ ಎಳೆದರೆ ನಮ್ಮಿಬ್ಬರ ಮಾತೂ ನಿಲ್ಲುತ್ತದೆ. ಚಿಂತಾಮಣಿಯವರು ಪರೀಕ್ಷೆಯಲ್ಲಿ ಮಾತ್ರ ಇಂತಹ ಪ್ರಯೋಗವನ್ನು ತಾವಾಗಿ ಬರೆಯದಿರುವುದು ಕ್ಷೇಮ.

ಮಧುಗಿರಿ ಶಿಕ್ಷಕಿ

ಕೊನೆಯದಾಗಿ ಒಂದು ಸಂದೇಹ. 'ದ ಹಿಯರ್ ಫಾರ್ಮರ್ಸ್' ತಪ್ಪು ಎಂದ ಮೇಲೆ, ಕಚೇರಿ ಪತ್ರಗಳಲ್ಲಿ ಕಾಣುವ 'ದ ಅಬೌವ್ ಎಗ್ಸಾಂಪಲ್ಸ್', 'ದ ನಿಯರ್‌ಬೈ ವಿಲೇಜಸ್' ಎಂಬುವೂ ತಪ್ಪೇ?

ತಿಪಟೂರು ನಿವೃತ್ತ ಉಪನ್ಯಾಸಕ

ತಪ್ಪಲ್ಲ. 'ಅಬೌವ್', 'ನಿಯರ್‌ಬೈ', 'ಅಪ್‌ಸ್ಟೇರ್ಸ್', 'ಔಟ್‌ಸೈಡ್' ಎಂಬ ಕೆಲವು ಪದಗಳು ವಿಶೇಷಣಗಳಾಗಿ ನಾಮಪದದ ಮುಂಚೆಯೂ ನಿಲ್ಲುತ್ತವೆ. 'ದ ನಿಯರ್‌ಬೈ ವಿಲೇಜಸ್' ಮತ್ತು 'ದ ವಿಲೇಜಸ್ ನಿಯರ್‌ಬೈ' ಎರಡನ್ನೂ ಬರೆಯಬಹುದು. 'ಹಿಯರ್', 'ದೇರ್', 'ಅವೇ', 'ಅಹೆಡ್', 'ಬ್ಯಾಕ್' ಎಂಬುವು ಈ ಅರ್ಥಗಳಲ್ಲಿ ನಂತರವೇ ಬರಬೇಕು. 'ಬಿಲೋ' ಪದವನ್ನು ಮುಂಚೆ ಇಟ್ಟು 'ದ ಬಿಲೋ ಟೇಬಲ್' ಎಂದು ನಮ್ಮ ಕಚೇರಿಗಳಲ್ಲಿ ಬರೆಯುವುದುಂಟು. ಅದನ್ನು ಮೆಚ್ಚದ ಸಂಪಾದಕರು ಬಹಳ ಮಂದಿ ಇರುವುದರಿಂದ 'ದ ಟೇಬಲ್ ಬಿಲೋ' ಎಂದೇ ಮಕ್ಕಳಿಗೆ ಕಲಿಸಿ.